ಭುಜಕ್ಕೆ ಕೈ ಹಾಕಬೇಡ ಅಂದಿದ್ದರು

ಸೆಕೆಂಡ್ ಹ್ಯಾಂಡ್ ಬಟ್ಟೆ ಕೊಳ್ಳುವವರಿಗೆಲ್ಲ ಗೊತ್ತಿರುವ ಮಾತೊಂದಿದೆ. ಸೈಡ್ ಹಿಡಿಸಬಹುದು, ಉದ್ದ ಕಡಿಮೆ ಮಾಡಿಸಬಹುದು, ಭುಜಕ್ಕೆ ಮಾತ್ರ ಕೈ ಹಾಕಬಾರದು. ಭುಜ ಕೂತರೆ ತಗೋ, ಇಲ್ಲದಿದ್ದರೆ ಬಿಟ್ಟು ಮುಂದೆ ನಡಿ. ನಾನು 5 ಅಡಿ 4 ಇಂಚು. ಭುಜ 16½. ಬೆಂಗಳೂರಿನ ಸಂಡೆ ಬಜಾರಿನಲ್ಲಿ ರಾಶಿ ಬಿದ್ದಿರುವ ಒಳ್ಳೊಳ್ಳೆ ಶರ್ಟುಗಳೆಲ್ಲ ಆರಡಿ ಆಳುಗಳಿಗೆ ಹೊಲಿದವು. ಆ ಮಾತನ್ನೇ ನಂಬಿ ಕೂತಿದ್ದರೆ ಇವತ್ತಿಗೂ ಅದೇ ಮೂರು ರೆಡಿಮೇಡ್ ಶರ್ಟು ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದೆ.

ಈಗ ಹನ್ನೊಂದು ಶರ್ಟಿನ ಭುಜ ಬಿಚ್ಚಿ ಕೂರಿಸಿದ್ದೇನೆ. ಹನ್ನೊಂದೂ ಹಾಕಿಕೊಳ್ಳುವ ಹಾಗಿವೆ. ಅದಕ್ಕೂ ಮುಂಚೆ ಕೆಟ್ಟವು ಎಷ್ಟು ಅಂತ ಮುಂದೆ ಹೇಳುತ್ತೇನೆ.

ಮೊದಲು ಮಾರ್ಕೆಟ್ಟಿನ ವಿಷಯ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಭಾನುವಾರ ಬೆಳಗ್ಗೆ ಏಳರೊಳಗೆ ಇರಬೇಕು. ಹತ್ತರ ಮೇಲೆ ಹೋದರೆ ಬಿಸಿಲು, ಜನ, ಬೇರೆಯವರು ಆರಿಸಿ ಬಿಟ್ಟ ಕಸ, ಅಷ್ಟೇ. ಶರ್ಟು 80ರಿಂದ 150 ರೂಪಾಯಿ, ಜೀನ್ಸ್ 200ರ ಆಸುಪಾಸು ಇತ್ತು. ಇವು ಎರಡು ಥರ ಬರುತ್ತವೆ. ಒಂದು, ಯಾರೋ ಹಾಕಿ ಬಿಟ್ಟಿದ್ದು. ಸ್ಟೀಲ್ ಪಾತ್ರೆ ಕೊಟ್ಟು ಮನೆಮನೆಯಲ್ಲಿ ಹಳೇ ಬಟ್ಟೆ ತಗೊಂಡು ಹೋಗುತ್ತಾರಲ್ಲ, ಅದರಲ್ಲೂ ಒಂದಷ್ಟು ಇಲ್ಲಿಗೇ ಬರುತ್ತೆ ಅಂತ ಒಬ್ಬ ವ್ಯಾಪಾರಿ ಹೇಳಿದ. ಇನ್ನೊಂದು, ಪೀಣ್ಯ, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸಿನಲ್ಲಿ ರಿಜೆಕ್ಟ್ ಆಗಿದ್ದು. ಲೇಬಲ್ ಮೇಲೆ ಕತ್ತರಿ ಆಡಿಸಿರುತ್ತಾರೆ. ನನಗೆ ಹಳೆಯದೇ ಇಷ್ಟ. ಹತ್ತು ಸಲ ನೀರು ಕಂಡ ಹತ್ತಿ ಬಟ್ಟೆ ಇನ್ನು ಅಷ್ಟಾಗಿ ಕುಗ್ಗಲ್ಲ, ಅಷ್ಟಾಗಿ ಬಣ್ಣ ಬಿಡಲ್ಲ. ಅಳತೆ ಹಿಡಿದ ಮೇಲೆ ಮೋಸ ಮಾಡಲ್ಲ.

ಕಂಕುಳು, ಕಾಲರಿನ ಮಡಿಕೆ, ಪ್ಯಾಂಟಾದರೆ ತೊಡೆಸಂದು, ಇವಿಷ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ಬಟ್ಟೆಯ ಆಯಸ್ಸು ಗೊತ್ತಾಗುತ್ತದೆ. ಬೆಂಕಿಪೊಟ್ಟಣ ಜೇಬಿನಲ್ಲೇ ಇರುತ್ತದೆ. ಒಂದು ಎಳೆ ಕಿತ್ತು ಸುಟ್ಟರೆ ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ, ಉಣ್ಣೆ ಕೂದಲು ಸುಟ್ಟ ಹಾಗೆ ನಾರುತ್ತೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ನಾನು ಮಾಡಿದ ದಡ್ಡತನ ಗೊತ್ತಿರಲಿಕ್ಕಿಲ್ಲ. ಹೊಲಿಗೆ ದಾರ ಕಿತ್ತು ಸುಟ್ಟೆ! ಮಣಿ ಆಯಿತು, ಪಾಲಿಯೆಸ್ಟರ್ ಅಂತ ವಾಪಸ್ ಎಸೆದೆ. ಪಕ್ಕದಲ್ಲಿದ್ದವನು ಅದನ್ನೇ 120ಕ್ಕೆ ಎತ್ತಿಕೊಂಡು ಹೋದ. ಅದು ಅಪ್ಪಟ ಲಿನನ್. ದಾರ ಮಾತ್ರ ಪಾಲಿಯೆಸ್ಟರ್. ಅವನ ಬೆನ್ನು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮನೆಗೆ ತಂದರೆ ಅಮ್ಮನ ಕಾಟ. "ಯಾರು ಹಾಕಿ ಬಿಟ್ಟಿದ್ದೋ ಏನೋ, ಸತ್ತೋರ್ದೂ ಇರುತ್ತೆ, ಒಳಗೆ ತರಬೇಡ" ಅನ್ನುತ್ತಿದ್ದರು. ಬಾಗಿಲಲ್ಲೇ ಚೀಲ ಇಳಿಸಿ, ಹಿಂದಿನಿಂದ ಬಚ್ಚಲಿಗೆ ಒಯ್ಯಬೇಕು. ಕುದಿಯುವ ನೀರಿಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ, ಎರಡು ದಿನ ತಾರಸಿ ಬಿಸಿಲು ತೋರಿಸಿದ ಮೇಲೆಯೇ ಮಷಿನ್ ಇರುವ ರೂಮಿಗೆ ಪ್ರವೇಶ. ಆ ಮಷಿನ್ನೂ ಅವರದೇ, ಮದುವೆಯಲ್ಲಿ ಬಂದ ಉಷಾ. ಕಾಲಿನಲ್ಲಿ ತುಳಿಯುವ ಬದಲು ನಾನು ಸುಮಾರು 1,600 ಕೊಟ್ಟು ಮೋಟಾರ್ ಹಾಕಿಸಿದೆ. ಬಿಸಿನೀರಿನ ಅಭ್ಯಾಸದಲ್ಲಿ ಒಂದು ಉಣ್ಣೆ ಸ್ವೆಟರನ್ನೂ ಅದೇ ಬಕೆಟ್ಟಿಗೆ ಹಾಕಿದ್ದೆ. ಬೆಳಗ್ಗೆ ಹಿಂಡಿ ಎತ್ತಿದರೆ ಒಂದನೇ ಕ್ಲಾಸಿನ ಮಗುವಿನ ಸೈಜ್, ಮೇಲೆ ಕಂಬಳಿಯಷ್ಟು ದಪ್ಪ. 250 ರೂಪಾಯಿ ಹೋಯಿತು. ಈಗ ಅದು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ, ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ಈಗ ಭುಜಕ್ಕೆ ಬರೋಣ. ನಮ್ಮ ಬೀದಿಯ ಟೈಲರ್ ಮೂವತ್ತು ವರ್ಷದಿಂದ ಹೊಲಿಯುತ್ತಿರುವವರು. ಮೊದಲ ಶರ್ಟು ಒಯ್ದಾಗ ಭುಜ ಎರಡು ಬೆರಳಲ್ಲಿ ಹಿಡಿದು, "ಇದು ಆಗಲ್ಲಪ್ಪ, ಬಟ್ಟೆ ಹಾಳಾಗುತ್ತೆ. ಸುಮ್ನೆ ಸೈಡ್ ಹಿಡಿದು ಕೊಡ್ತೀನಿ" ಅಂದರು. 60 ರೂಪಾಯಿ ಕೊಟ್ಟು ಹಿಡಿಸಿದೆ. ಸೊಂಟ ಸರಿಯಾಯಿತು, ಭುಜ ಮಾತ್ರ ತೋಳಿನ ಮೇಲೆ ಜೋತುಬಿದ್ದಿತ್ತು. ದಾರಕ್ಕೆ ಒಣಹಾಕಿದ ಹಾಗೆ. "ಆಗಲ್ಲ" ಅಂದದ್ದು ಯಾಕೆ ಅಂತ ಎಷ್ಟೋ ದಿನದ ಮೇಲೆ ನನಗೆ ಹೊಳೆಯಿತು. ಆಗಲ್ಲ ಅಂತಲ್ಲ, ಗಿಟ್ಟಲ್ಲ ಅಂತ. ಎರಡು ತೋಳು ಬಿಚ್ಚಿ, ಕತ್ತರಿಸಿ, ಕೂರಿಸಿ, ಡಬಲ್ ಹೊಲಿಗೆ ಹಾಕುವುದಕ್ಕೆ ಎರಡೂವರೆ ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ಅವರು ಹೊಸ ಬ್ಲೌಸೇ ಹೊಲಿದುಬಿಡುತ್ತಾರೆ. 100 ರೂಪಾಯಿಯ ಶರ್ಟಿಗೆ ಯಾರು 400 ಕೂಲಿ ಕೊಡುತ್ತಾರೆ? ನನ್ನ ಭಾನುವಾರದ ಮಧ್ಯಾಹ್ನಕ್ಕೆ ಕೂಲಿ ಇಲ್ಲ, ಅದೇ ನನ್ನ ಬಂಡವಾಳ.

ಮೊದಲನೇ ಶರ್ಟು: ತಿಳಿನೀಲಿ ಆಕ್ಸ್‌ಫರ್ಡ್ ಬಟ್ಟೆಯದು. ತೋಳು ಬಿಚ್ಚಿದೆ, ಆರ್ಮ್‌ಹೋಲ್ (ತೋಳು ಕೂರುವ ಕಂಡಿ) ಒಂದಿಂಚು ಒಳಕ್ಕೆ ಕತ್ತರಿಸಿದೆ, ಅದೇ ತೋಳು ವಾಪಸ್ ಹೊಲಿದೆ. ಕೂತಿತು ಅಂತ ಹಿಗ್ಗಿ ಕನ್ನಡಿ ಮುಂದೆ ನಿಂತರೆ ಕಫ್ಫಿನ ಸೀಳು ಎರಡೂ ಮುಂದಕ್ಕೆ ಬಾಯಿ ಬಿಟ್ಟಿವೆ. ಎಡಗೈ ತೋಳು ಬಲಕ್ಕೆ, ಬಲದ್ದು ಎಡಕ್ಕೆ! ಇವತ್ತಿಗೂ ಬಿಚ್ಚುವ ಮುಂಚೆ ಚಾಕ್‌ಪೀಸಿನಲ್ಲಿ ಒಳಗಡೆ "ಎ", "ಬ" ಅಂತ ಬರೆಯದೆ ಬ್ಲೇಡ್ ಮುಟ್ಟಲ್ಲ.

ಎರಡನೇದು ಭುಜಕ್ಕೆ ಸರಿಯಾಗಿ ಕೂತಿತು. ಕಂಕುಳ ಹತ್ತಿರ ಮಾತ್ರ ಛತ್ರಿ ಮಡಚಿದ ಹಾಗೆ ಮಡಿಕೆ ಮಡಿಕೆ. ಮೂರನೇದೂ ಹಾಗೇ. ಆಗ ನನ್ನ ಮೈಗೆ ಸರಿಯಿದ್ದ ಒಂದು ಹಳೇ ಶರ್ಟನ್ನೇ ಪೂರ್ತಿ ಬಿಚ್ಚಿ, ಎರಡರ ತೋಳನ್ನೂ ನೆಲದ ಮೇಲೆ ಹಾಸಿ ನೋಡಿದೆ. ಅಲ್ಲಿ ಸಿಕ್ಕಿತು. ದೊಗಲೆ ಶರ್ಟಿನ ಭುಜ ಕೆಳಗಿಳಿದಿರುವುದರಿಂದ ತೋಳಿನ ಮೇಲ್ತುದಿ ಚಪ್ಪಟೆ, ತಟ್ಟೆಯ ಅಂಚಿನ ಹಾಗೆ. ಮೈಗೆ ಕೂರುವ ಶರ್ಟಿನದು ಬೋರಲು ಹಾಕಿದ ಬಟ್ಟಲಿನ ಹಾಗೆ ಎತ್ತರ. ಭುಜ ಒಳಗೆ ತಂದು ಹಳೇ ಚಪ್ಪಟೆ ತೋಳನ್ನೇ ಸಿಕ್ಕಿಸಿದರೆ ಮಿಕ್ಕ ಬಟ್ಟೆಯೆಲ್ಲ ಕಂಕುಳಲ್ಲಿ ಬಂದು ಕೂರದೆ ಇನ್ನೆಲ್ಲಿಗೆ ಹೋಗಬೇಕು?

ಆಮೇಲೆ ನಾನು ಮಾಡಿದ್ದು ಇಷ್ಟು. ತೋಳು ಉದ್ದವಾದರೆ ಎಲ್ಲರೂ ಕಫ್ ಬಿಚ್ಚಿ ಕೆಳಗಡೆಯಿಂದ ಕತ್ತರಿಸುತ್ತಾರೆ. ಸೀಳು ಗಿಡ್ಡವಾಗುತ್ತದೆ, ಪ್ಲೀಟು ಮತ್ತೆ ಕೂರಿಸಬೇಕು, ನೋಡಿದ ತಕ್ಷಣ ಆಲ್ಟರ್ ಮಾಡಿದ್ದು ಅಂತ ಗೊತ್ತಾಗುತ್ತದೆ. ನಾನು ಕಫ್ ಮುಟ್ಟುವುದೇ ಇಲ್ಲ. ಉದ್ದವನ್ನು ಮೇಲಿನಿಂದ, ಭುಜದ ಕಡೆಯಿಂದ ತೆಗೆಯುತ್ತೇನೆ. ತೋಳು ಕೆಳಗೆ ಬಂದ ಹಾಗೆ ಸಣ್ಣ ಆಗುತ್ತದೆ ಅಲ್ವಾ? ಮೇಲಿನ ಎರಡಿಂಚು ಹೋದರೆ ಉದ್ದವೂ ಕಡಿಮೆ, ಅಗಲವೂ ಕಡಿಮೆ. ಎತ್ತರದ ಬಾಗಿಗೆ ಬೇಕಾದದ್ದು ಅದೇ. ಕತ್ತರಿಸುವಾಗಲೇ ಹೊಸ ಬಾಗನ್ನು ಎತ್ತರಕ್ಕೆ, ಬಟ್ಟಲಿನ ಹಾಗೆ ಬರೆದುಕೊಳ್ಳುತ್ತೇನೆ. ಮೈ ಕಡೆ ಭುಜದಿಂದ ಒಂದಿಂಚು ತೆಗೆದರೆ ಸೈಡಿನಿಂದಲೂ ಒಂದಿಂಚು. ಎರಡೂ ಸಮ ಇದ್ದರೆ ಆರ್ಮ್‌ಹೋಲ್ ಹಾಗೇ ಒಳಕ್ಕೆ ಸರಿಯುತ್ತದೆ, ಸುತ್ತಳತೆ ಹೆಚ್ಚು ಬದಲಾಗಲ್ಲ. ಎದೆ ಒಟ್ಟು ನಾಲ್ಕಿಂಚು ಇಳಿಯುತ್ತದೆ. 46 ಇದ್ದದ್ದು 42. ನನ್ನ 38ರ ಎದೆಗೆ ಅಷ್ಟು ಸಡಿಲ ಸಾಕು.

ತೋಳಿನ ಬಾಗು ಎಷ್ಟು ಎತ್ತರ ಅಂತ ತಿಳಿಯಲು ನನ್ನದೇ ಮೂರು ಅಳತೆ ಇವೆ. ಯಾವ ಮೂರು ಅಂತ ಕೇಳಬೇಡಿ. ಮೂರು ಶರ್ಟು ಕೆಡಿಸಿ ಕಂಡುಕೊಂಡಿದ್ದು, ನೀವೂ ಒಂದಾದರೂ ಕೆಡಿಸಿ.

ನಾಲ್ಕನೇದು ಸರಿಬಂತು ಅಂದುಕೊಂಡು ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿದೆ ನೋಡಿ, ಇನ್ ಮಾಡಿದ್ದ ಶರ್ಟು ಪೂರ್ತಿ ಈಚೆ ಬಂತು. ದೊಡ್ಡ ಶರ್ಟಿನ ಕಂಕುಳು ತುಂಬಾ ಕೆಳಗಿರುತ್ತದೆ. ಕೈ ಎತ್ತಿದರೆ ಇಡೀ ಅಂಗಿಯೇ ಜೊತೆಗೆ ಎದ್ದು ಬರುತ್ತದೆ. ಕತ್ತರಿಸಿ ಹೋದ ಬಟ್ಟೆಯನ್ನು ವಾಪಸ್ ಬೆಳೆಸಲಿಕ್ಕಾಗಲ್ಲ, ಆದರೂ ಕಂಕುಳನ್ನು ಅರ್ಧ ಮುಕ್ಕಾಲು ಇಂಚು ಮೇಲೆತ್ತುವ ದಾರಿ ಇದೆ. ಯೋಕ್, ಅಂದರೆ ಭುಜದಿಂದ ಬೆನ್ನಿನ ಮೇಲ್ಭಾಗಕ್ಕೆ ಹಾಯುವ ಪಟ್ಟಿ, ಅದರ ಕಡೆ ನೋಡಿ ಅಂತಷ್ಟೇ ಹೇಳುತ್ತೇನೆ. ಐದನೇ ಶರ್ಟಿನಲ್ಲಿ ಅದನ್ನೂ ಸೇರಿಸಿದೆ. ಕಂಬಿ ಹಿಡಿದೆ, ಶರ್ಟು ಅಲ್ಲಾಡಲಿಲ್ಲ.

ಅದನ್ನೇ ಹಾಕಿಕೊಂಡು ಬೇಕಂತಲೇ ಟೈಲರ್ ಅಂಗಡಿ ಮುಂದೆ ಹೋಗಿ ನಿಂತೆ. ಅವರು ಕಣ್ಣಲ್ಲೇ ಭುಜ ಅಳೆದರು. "ಎಲ್ಲಿ, ಬಿಚ್ಚು" ಅಂದರು. ಬನಿಯನ್ನಿನಲ್ಲಿ ನಿಂತೆ. ಶರ್ಟು ಒಳಗೆ ಹೊರಗೆ ಮಾಡಿ, ಆರ್ಮ್‌ಹೋಲ್ ಸುತ್ತ ಬೆರಳು ಆಡಿಸಿ, ಕಂಕುಳ ಕೂಡುಗೆಯಲ್ಲಿ ನಿಲ್ಲಿಸಿದರು. "ಇಲ್ಲಿ ಎರಡು ಹೊಲಿಗೆ ಒಂದರ ಮೇಲೊಂದು ಕೂತಿಲ್ಲ" ಅಂದರು. ನಿಜ, ಒಂದು ನೂಲು ತಪ್ಪಿತ್ತು. ಬೇರೆ ಏನೂ ಹೇಳಲಿಲ್ಲ. ನಾನು ಅದನ್ನು ಸರ್ಟಿಫಿಕೇಟ್ ಅಂತಲೇ ತಗೊಂಡೆ.

ಸ್ಟೈಲ್ ವಿಷಯ. ಅದೂ ಅರ್ಧ ಕೊರತೆಯಿಂದಲೇ ಹುಟ್ಟಿದ್ದು. ಹಳೇ ಶರ್ಟಿನಲ್ಲಿ ಮೊದಲು ಸವೆಯುವುದು ಕಾಲರಿನ ಮಡಿಕೆ. ನಮ್ಮಜ್ಜ ಕಾಲರ್ ತಿರುಗಿಸಿ ಹೊಲಿಸಿ ಇನ್ನೆರಡು ವರ್ಷ ಓಡಿಸುತ್ತಿದ್ದರು. ನಾನು ಮಡಚುವ ಎಲೆಯನ್ನೇ ಕಿತ್ತು ಕೆಳಗಿನ ಪಟ್ಟಿಯನ್ನಷ್ಟೇ ಉಳಿಸಿಕೊಂಡೆ. ಪಟ್ಟಿಯ ಒಳಭಾಗಕ್ಕೆ, ಕಫ್ಫಿನ ಒಳಭಾಗಕ್ಕೂ ಗುಳೇದಗುಡ್ಡದ ಖಣದ ತುಂಡು. ನನ್ನ ಹೆಂಡತಿ ಬಾಗಲಕೋಟೆ ಕಡೆಯವಳು. ಅವಳ ಪೆಟ್ಟಿಗೆಯಲ್ಲಿ ಉಡಿ ತುಂಬಿದಾಗ ಬಂದ ಖಣ ಗಂಟುಗಟ್ಟಲೆ ಇದ್ದವು. "ಕುಪ್ಪಸದ ಅರಿವಿ ಹಾಕ್ಕೊಂಡು ಆಫೀಸಿಗೆ ಹೊಂಟೀರೇನ್ರೀ" ಅಂತ ನಕ್ಕಳು. ಮೇಲಿನ ಗುಂಡಿ ಬಿಚ್ಚಿದಾಗ, ಕಫ್ ಒಂದು ಸುತ್ತು ಮಡಚಿದಾಗ ಮಾತ್ರ ಅದರ ಕೆಂಪು, ಹಸಿರು ಇಣುಕುತ್ತದೆ. ಆಫೀಸಿನಲ್ಲಿ ಇಬ್ಬರು ಯಾವ ಅಂಗಡಿ ಅಂತ ಕೇಳಿದರು. ಹೇಳಲಿಲ್ಲ.

ನಡುವೆ ಬಣ್ಣದ ಹುಚ್ಚೂ ಹಿಡಿದಿತ್ತು. ಕಾಳಹಸ್ತಿಯ ಕಲಂಕಾರಿಯವರು ಕಪ್ಪಿಗೆ ಕಬ್ಬಿಣ, ಬೆಲ್ಲ ಕೊಳೆಸಿದ ನೀರು ಬಳಸುತ್ತಾರೆ. ನಾನೂ ತುಕ್ಕು ಮೊಳೆ, ಬೆಲ್ಲ, ನೀರು ಒಂದು ಹಳೇ ಬಕೆಟ್ಟಿಗೆ ಹಾಕಿ ಸುಮಾರು ಇಪ್ಪತ್ತು ದಿನ ಬಿಟ್ಟೆ. ಮೂರನೇ ಮಹಡಿಯವರು ಬಂದು ಏನು ಸತ್ತಿದೆ ಅಂತ ಕೇಳಿದರು. ಹಳದಿಗಟ್ಟಿದ ಬಿಳಿ ಶರ್ಟನ್ನು ಗ್ರಂಥಿಗೆ ಅಂಗಡಿಯ ಅಳಲೆಕಾಯಿ ಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿ, ಆಮೇಲೆ ಈ ನೀರಿಗೆ ಇಳಿಸಿದೆ. ಕಣ್ಣೆದುರೇ ಮೋಡ ಕವಿದ ಹಾಗೆ ಕಪ್ಪೇರಿತು. ಹೊಲಿಗೆ ದಾರ ಮಾತ್ರ ಪಾಲಿಯೆಸ್ಟರ್, ಅದು ಬಣ್ಣವನ್ನೇ ಕುಡಿಯಲಿಲ್ಲ. ಜೇಬು, ಪಟ್ಟಿ, ಕಾಜಾ, ಎಲ್ಲ ಸ್ಲೇಟಿನ ಮೇಲೆ ಬಳಪದಲ್ಲಿ ಗೀಚಿದ ಹಾಗೆ ಬೆಳ್ಳಗೆ ಉಳಿದವು. ಅಷ್ಟು ಚೆಂದದ ಶರ್ಟು ನಾನು ಇನ್ನೊಂದು ಮಾಡಿಲ್ಲ. ಎಂಟು ತಿಂಗಳಿಗೆ ಮೊಣಕೈ ಹತ್ತಿರ ಹಪ್ಪಳದ ಹಾಗೆ ಮುರಿಯಿತು. ಕಬ್ಬಿಣ ಹತ್ತಿಯನ್ನು ತಿನ್ನುತ್ತದೆ. ಈಗ ಅರ್ಧ ತೋಳು ಮಾಡಿ ಮನೆಯಲ್ಲಿ ಹಾಕುತ್ತೇನೆ.

ಬ್ಲೇಜರಿನ ಭುಜಕ್ಕೆ ಮಾತ್ರ ಕೈ ಹಾಕಬೇಡಿ. 400 ಕೊಟ್ಟು ತಂದ ಒಂದನ್ನು ಬಿಚ್ಚಿದೆ. ಒಳಗೆ ಪ್ಯಾಡು, ಕ್ಯಾನ್ವಾಸು, ಲೈನಿಂಗು, ಯಾವುದು ಯಾವುದಕ್ಕೆ ಹೊಲಿದದ್ದು ಅಂತ ವಾಪಸ್ ಸೇರಿಸಲಿಕ್ಕೆ ಆಗಲಿಲ್ಲ. ಅದರ ಗುಂಡಿಗಳು ಬೇರೆ ಮೂರು ಶರ್ಟಿನಲ್ಲಿವೆ.

ಲೆಕ್ಕ ಹೇಳುವುದಾದರೆ, ಬರೆದಿಟ್ಟಿಲ್ಲ, ನೆನಪಿನಿಂದ. ಹಾಳಾದ ಬಟ್ಟೆ ಎಲ್ಲ ಸೇರಿ 2,500 ಇರಬಹುದು. ಮೋಟಾರು, ದಾರ, ಕತ್ತರಿ, ಸೂಜಿ ಮತ್ತೊಂದು 2,500. ಸೂಜಿಯಲ್ಲಿ ಉಳಿಸಲು ಹೋಗಿ ಜೀನ್ಸಿಗೂ 14ನೇ ನಂಬರಿನಲ್ಲೇ ಹೊಲಿದು ನಾಲ್ಕು ಮುರಿದೆ, 16 ತಂದ ಮೇಲೆ ನಿಂತಿತು. ಈಗ ಬೀರುವಿನಲ್ಲಿರುವ ಹನ್ನೊಂದು ಶರ್ಟು, ನಾಲ್ಕು ಪ್ಯಾಂಟಿಗೆ ಬಿದ್ದದ್ದು 2,000 ದಾಟಿಲ್ಲ. ಒಟ್ಟು 7,000. ಮೂರು ವರ್ಷಕ್ಕೆ.

ಕೊನೆಗೊಂದು ಸಂಕಟ. ಕಾಲೇಜು ಹುಡುಗರು ಇದೇ ಸಂಡೆ ಬಜಾರಿನಲ್ಲಿ ತಗೊಂಡು ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಪಟ್ಟು ಬೆಲೆಗೆ ಮಾರುತ್ತಾರೆ. ಅದು ವ್ಯಾಪಾರಿಗಳಿಗೂ ಗೊತ್ತಾಗಿದೆ. ಹೋದ ತಿಂಗಳು ಒಂದು ಚೆಕ್ಸ್ ಶರ್ಟಿಗೆ ಕೈ ಹಾಕಿದರೆ, "350 ಸಾರ್, ವಿಂಟೇಜ್" ಅಂದ. ಮೊದಲೆಲ್ಲ ಅವನೇ 80ಕ್ಕೆ ಕೊಡುತ್ತಿದ್ದವನು. ಭುಜ ಹಿಡಿದು ತೋರಿಸಿ, "ನೋಡಣ್ಣ, ನನಗೆ ಎಷ್ಟು ದೊಡ್ಡದು, ಇದನ್ನ ಯಾರೂ ಸರಿ ಮಾಡಲ್ಲ" ಅಂದೆ. ಅವನೂ ನೋಡಿದ. 130ಕ್ಕೆ ಕೊಟ್ಟ. ಮೊನ್ನೆ ತೋಳು ಬಿಚ್ಚಿಟ್ಟಿದ್ದೇನೆ, ಎಡ ಬಲ ಬರೆದಾಗಿದೆ.