ಬಾನೆಟ್ ಒಳಗೆ ಕುಂಯ್ ಅಂದರೆ ಮೊದಲು ನೀರಿನ ಬಾಟಲಿ ಹಿಡಿಯಿರಿ

ಹೋದ ಕಬ್ಬಿನ ಹಂಗಾಮಿನಲ್ಲಿ ಮುಧೋಳದ ನಮ್ಮ ಸೋದರಮಾವ ತಮ್ಮ ಹಳೆಯ ಜೀಪಿಗೆ ಮೂರು ತಿಂಗಳಲ್ಲಿ ಮೂರು ಫ್ಯಾನ್ ಬೆಲ್ಟ್ (ಎಂಜಿನ್ನಿನಿಂದ ಡೈನಮೋ, ವಾಟರ್ ಪಂಪ್ ತಿರುಗಿಸುವ ರಬ್ಬರ್ ಪಟ್ಟಿ) ಹಾಕಿಸಿದರು. ಪ್ರತಿ ಸಲವೂ ವಾರ ಕಳೆಯುವುದರೊಳಗೆ ಅದೇ ಕಿರುಚಾಟ. "ಎಲ್ಲಾ ಡುಪ್ಲಿಕೇಟ್ ಬೆಲ್ಟ್ ಬರಾಕತ್ತಾವಲೇ ಅಳಿಯಾ" ಅಂದರು. ತೆಗೆದಿಟ್ಟ ಬೆಲ್ಟುಗಳನ್ನು ತರಿಸಿ ನೋಡಿದೆ. ಎಲ್ಲದರದೂ ಒಂದೇ ಬದಿಯ ಅಂಚು ಸವೆದು ನೂಲು ಎದ್ದಿತ್ತು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಬೋಲ್ಟ್ ಸಡಿಲಾಗಿ ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಗಾಲಿ, ಓರೆಯಾಗಿತ್ತು, ಅಷ್ಟೇ. ಇಂಥ ದಂಡದ ಖರ್ಚು ಬಹಳ ಮಂದಿ ಮಾಡುತ್ತಾರೆ.

ಮೊದಲು ಸದ್ದು ಯಾವಾಗ ಬರುತ್ತದೆ ಗಮನಿಸಿ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಅದು ಬ್ರೇಕಿನದು. ಬೆಳಿಗ್ಗೆ ಸ್ಟಾರ್ಟ್ ಆದಕೂಡಲೇ ಕಿರುಚಿ ಸುಮ್ಮನಾದರೆ, ಎಸಿ, ಹೆಡ್‌ಲೈಟ್ ಹಾಕಿದಾಗ ಜೋರಾದರೆ, ಬೆಲ್ಟಿನ ಮೇಲೆ ಅನುಮಾನ ಇಡಿ.

ಎಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು ಬೆಲ್ಟ್ ನೋಡಿ. ಬಿರುಕು, ಗಾಜಿನಂಥ ಹೊಳಪು, ಆಯಿಲ್ ಅಥವಾ ಕೂಲಂಟಿನ ಕಲೆ ಇದ್ದರೆ ಬದಲಿಸಬೇಕು. ಆದರೆ ಆಯಿಲ್ ಎಲ್ಲಿಂದ ಸೋರಿತು ಅನ್ನುವುದನ್ನು ಬಗೆಹರಿಸಿಯೇ ಹೊಸದು ಹಾಕಿ.

ಈಗ ನೀರಿನ ಪರೀಕ್ಷೆ. ಜನ ಎಡವುವುದು ಇಲ್ಲೇ. ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ಸಣ್ಣ ತೂತು ಮಾಡಿ ಬರೀ ನೀರು ತುಂಬಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕೊರಳಿನ ಟವೆಲ್ಲು, ಓಡ್ನಿ ತೆಗೆದು ದೂರ ಇಡಿ. ರೇಡಿಯೇಟರಿನ ಕರೆಂಟಿನ ಫ್ಯಾನು ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ, ಕೈ ಜೋಪಾನ. ಎಂಜಿನ್ ಸ್ಟಾರ್ಟ್ ಮಾಡಿ, ಬೆಲ್ಟು ಕಿರುಚುತ್ತಿರುವಾಗಲೇ, ಡೈನಮೋ ಮೇಲೆ ಬೀಳದಂತೆ, ಬೆಲ್ಟಿನ ಒಳಮೈಗೆ ಒಂದೇ ಚಿಮುಕು ನೀರು ಹೊಡೆದು ಕಿವಿಗೊಟ್ಟು ಕೇಳಿ. ಸದ್ದು ಕೆಲವು ಸೆಕೆಂಡ್ ನಿಂತು ಮತ್ತೆ ಬಂದರೆ ಪುಲ್ಲಿ ಓರೆಯಾಗಿದೆ: ಪುಲ್ಲಿಯ ಗೋಡೆಗೆ ಉಜ್ಜುತ್ತಿದ್ದ ಬೆಲ್ಟು ನೀರಿನಿಂದ ಒಂದಿಷ್ಟು ಹೊತ್ತು ನುಣುಪಾಗಿರುತ್ತದೆ. ಸದ್ದು ಇನ್ನೂ ಜೋರಾದರೆ ಬೆಲ್ಟು ಸಡಿಲಾಗಿದೆ, ಮೊದಲೇ ಜಾರುತ್ತಿದ್ದದ್ದು ನೀರು ಬಿದ್ದು ಮತ್ತಷ್ಟು ಜಾರುತ್ತದೆ. ಏನೂ ವ್ಯತ್ಯಾಸ ಆಗದಿದ್ದರೆ ಪುಲ್ಲಿಗಳ ಬೇರಿಂಗ್ ನೋಡಬೇಕು. ಒಂದು ಸಲ ಸಾಲದು, ಬೆಲ್ಟು ಒಣಗಿದ ಮೇಲೆ ಇನ್ನೊಮ್ಮೆ ಮಾಡಿ ಖಾತ್ರಿ ಮಾಡಿಕೊಳ್ಳಿ.

ನೀರಿನ ಬದಲು ಸಾಬೂನು, ಮೇಣದಬತ್ತಿ, ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಅಂಗಡಿಯಲ್ಲಿ ಸಿಗುವ ಅಂಟು ಸ್ಪ್ರೇ ಅಂತೂ ಮುಟ್ಟಲೇಬೇಡಿ. ಎರಡು ದಿನ ಸದ್ದು ಅಡಗುತ್ತದೆ, ಆಮೇಲೆ ನಮ್ಮ ಎರೆ ಹೊಲದ ಧೂಳೆಲ್ಲ ಆ ಅಂಟಿಗೆ ಮೆತ್ತಿಕೊಳ್ಳುತ್ತದೆ.

ಓರೆಯಾಗಿದ್ದರೆ ಪುಲ್ಲಿಗಳ ಮುಖಕ್ಕೆ ಉಕ್ಕಿನ ಸ್ಕೇಲ್ ಅಡ್ಡ ಹಿಡಿದು ನೋಡಿ, ಬೋಲ್ಟ್ ಬಿಗಿ ಮಾಡಿ. ಸಡಿಲಿದ್ದರೆ, ಹಳೆಯ ಗಾಡಿಗಳ ವಿ-ಬೆಲ್ಟಿನ (ವಿ ಆಕಾರದ ಬೆಲ್ಟಿನ) ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿ: ಸುಮಾರು 10 ಮಿಲಿಮೀಟರ್ ತಗ್ಗಬೇಕು. ಅತಿಯಾಗಿ ಬಿಗಿದರೆ ಡೈನಮೋ, ವಾಟರ್ ಪಂಪಿನ ಬೇರಿಂಗ್ ಹಾಳಾಗುತ್ತದೆ. ಬೆಲ್ಟನ್ನು ತಾನೇ ಬಿಗಿಹಿಡಿಯುವ ಟೆನ್ಶನರ್ ಇರುವ ಗಾಡಿಗೆ ಈ ಲೆಕ್ಕ ಇಲ್ಲ, ಅಲ್ಲಿ ಟೆನ್ಶನರನ್ನೇ ತಪಾಸಿಸಬೇಕು.

ಬೇರಿಂಗಿನ ಮೇಲೆ ಅನುಮಾನ ಇದ್ದರೆ ಎಂಜಿನ್ ಬಂದ್ ಮಾಡಿ, ಬೆಲ್ಟ್ ಬಿಚ್ಚಿ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ. ಗರಗರ ಅನ್ನುವುದೇ ಕಳ್ಳ.

ಹೊಸ ಬೆಲ್ಟ್ ಕೊಳ್ಳುವಾಗ ಹಳೆಯದರ ನಂಬರ್ ಓದಿಕೊಂಡು ಹೋಗಿ. 6ಪಿಕೆ1555 ಅಂದರೆ 6 ಗೆರೆ, 1555 ಮಿಲಿಮೀಟರ್ ಉದ್ದ. "ಇದೂ ನಡೀತದ್ರಿ" ಅಂತ ಅಂಗಡಿಯವರು ಬೇರೆ ಅಳತೆ ಕೊಟ್ಟರೆ ವಾಪಸ್ ಕೊಡಿ. ಇನ್ನು ಸದ್ದಿನ ಜೊತೆ ಬ್ಯಾಟರಿ ದೀಪ ಹತ್ತಿದರೆ ಅಥವಾ ಟೆಂಪರೇಚರ್ ಮುಳ್ಳು ಏರಿದರೆ ಇದ್ಯಾವುದೂ ಬೇಡ. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ, ಗ್ಯಾರೇಜಿಗೆ ಫೋನ್ ಹಚ್ಚಿ.