ಕಿರಿದಾದ ರಕ್ತನಾಳಗಳಿರುವವರಲ್ಲಿ ಮೆದುಳಿನ ರಕ್ತಹರಿವನ್ನು ಎಂಆರ್‌ಐ ಮೂಲಕ ಅಳೆಯುವ ಕ್ರಮ

ಕತ್ತಿನ ಕ್ಯಾರೊಟಿಡ್ ಅಪಧಮನಿ ಎಷ್ಟು ಕಿರಿದಾಗಿದೆ ಎಂಬುದನ್ನು ಡಾಪ್ಲರ್ ಅಥವಾ ಆಂಜಿಯೋಗ್ರಾಂ ತೋರಿಸುತ್ತದೆ. ಅದರಾಚೆಗಿನ ಮೆದುಳಿಗೆ ಸಾಕಷ್ಟು ರಕ್ತ ಸಿಗುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೆದುಳಿನ ತಳದಲ್ಲಿ ಅಪಧಮನಿಗಳು ಉಂಗುರದಂತೆ ಕೂಡಿಕೊಂಡಿರುವ ವಿಲ್ಲಿಸ್ ವರ್ತುಲ ಸರಿಯಾಗಿರುವವರಲ್ಲಿ ಒಂದು ಕಡೆಯ ನಾಳ ಪೂರ್ತಿ ಮುಚ್ಚಿದ್ದರೂ ಹರಿವು ಸಹಜವಾಗಿರಬಹುದು, ಅದೇ ಅಡಚಣೆ ಇನ್ನೊಬ್ಬರಲ್ಲಿ ಪಾರ್ಶ್ವವಾಯುವಿಗೆ ದಾರಿಯಾಗಬಹುದು. ಈ ವ್ಯತ್ಯಾಸವನ್ನು ಗುರುತಿಸಲು ಚುಚ್ಚುಮದ್ದಿನ ಅಗತ್ಯವಿಲ್ಲದ ವಿಧಾನವೆಂದರೆ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್, ಅಂದರೆ ಎಎಸ್‌ಎಲ್. 1992ರಲ್ಲಿ ಇಲಿಗಳ ಮೇಲೆ ಮೊದಲು ತೋರಿಸಲಾದ ಈ ವಿಧಾನದ ವೈದ್ಯಕೀಯ ಬಳಕೆಗೆ 2015ರಲ್ಲಿ ತಜ್ಞರ ಒಮ್ಮತದ ಶಿಫಾರಸುಗಳು ಪ್ರಕಟವಾದವು.

ಇದರಲ್ಲಿ ಕತ್ತಿನ ಮೂಲಕ ಮೇಲೇರುವ ರಕ್ತದ ನೀರಿನ ಅಣುಗಳಿಗೆ ರೇಡಿಯೋ ಅಲೆಗಳಿಂದ ಗುರುತು ಹಾಕಿ, ಸ್ವಲ್ಪ ಹೊತ್ತು ಕಾದು, ಮೆದುಳಿನ ಚಿತ್ರ ತೆಗೆಯುತ್ತಾರೆ. ಗುರುತಿಲ್ಲದ ಚಿತ್ರದಿಂದ ಅದನ್ನು ಕಳೆದಾಗ ಉಳಿಯುವುದೇ ಹರಿವಿನ ಸಂಕೇತ. ಅದು ಒಟ್ಟು ಸಂಕೇತದ ಸುಮಾರು ಶೇ. 1ರಷ್ಟು ಮಾತ್ರ, ಆದ್ದರಿಂದ ತಲೆ ಅಲುಗಾಡದಂತೆ ದಿಂಬುಗಳನ್ನು ಬಿಗಿಯಾಗಿ ಇರಿಸಬೇಕು. ಕೆಫೀನ್ ಮೆದುಳಿನ ಹರಿವನ್ನು ತಗ್ಗಿಸುವುದರಿಂದ ಬೆಳಗಿನ ಕಾಫಿ ಆಗಿದೆಯೇ ಎಂದು ಕೇಳಿ ಬರೆದಿಡಿ. ಹಿಮೊಗ್ಲೋಬಿನ್ ಮಟ್ಟವನ್ನೂ ನೋಡಿ: ರಕ್ತಹೀನತೆ ಇರುವವರಲ್ಲಿ ಗುರುತು ನಿಧಾನವಾಗಿ ಮಾಸುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಉತ್ತರ ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ. ಚಿತ್ರವನ್ನು ಎದ್ದುಕಾಣಿಸಲು ಚುಚ್ಚುವ ಗ್ಯಾಡೊಲಿನಿಯಂ ಔಷಧ ಕೊಡುವುದಿದ್ದರೆ ಎಎಸ್‌ಎಲ್ ಮುಗಿದ ಮೇಲೆಯೇ ಕೊಡಬೇಕು.

ಗುರುತು ಹಾಕುವ ಸಮತಲವನ್ನು, ಅಂದರೆ ಕತ್ತಿನಲ್ಲಿ ರಕ್ತಕ್ಕೆ ಗುರುತು ಬೀಳುವ ಅಡ್ಡ ಪದರವನ್ನು, ಆರಿಸುವ ಮುನ್ನ ಕತ್ತಿನ ಆಂಜಿಯೋಗ್ರಾಂ ಒಂದನ್ನು ಬೇಗನೆ ತೆಗೆಯುವುದು ಒಳ್ಳೆಯದು. ಅವಸರದಲ್ಲಿ ಹೆಚ್ಚಾಗಿ ಕೈಬಿಡುವ ಹೆಜ್ಜೆ ಇದೇ. ಎರಡೂ ಕ್ಯಾರೊಟಿಡ್‌ಗಳು ಮತ್ತು ಕತ್ತಿನ ಹಿಂಭಾಗದ ವರ್ಟಿಬ್ರಲ್ ಅಪಧಮನಿಗಳು ನೇರವಾಗಿ ಸಾಗುವ ಕಡೆ, ಅವುಗಳಿಗೆ ಲಂಬವಾಗಿ ಸಮತಲ ಬರಲಿ. ಕಿರಿದಾದ ಜಾಗ, ಸುರುಳಿ ತಿರುವು ಮತ್ತು ಸ್ಟೆಂಟ್ ಅದರಲ್ಲಿ ಸೇರದಿರಲಿ. ಸ್ಟೆಂಟ್ ಮೇಲೆಯೇ ಸಮತಲ ಬಿದ್ದರೆ ಅಲ್ಲಿ ಗುರುತು ಸರಿಯಾಗಿ ಹತ್ತುವುದಿಲ್ಲ. ಆ ನಾಳ ಪೋಷಿಸುವ ಭಾಗವೆಲ್ಲ ಕಪ್ಪಾಗಿ ಕಂಡು, ಇಲ್ಲದ ಕಾಯಿಲೆಯನ್ನು ವರದಿ ಮಾಡುವ ಅಪಾಯವಿರುತ್ತದೆ.

ಇನ್ನು ಕಾಯುವ ಅವಧಿ. ಕಿರಿದಾದ ನಾಳಗಳಿರುವವರ ವಿಷಯದಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಶಿಫಾರಸಿನಂತೆ 1800 ಮಿಲಿಸೆಕೆಂಡ್ ಗುರುತು ಹಾಕಿ, ವಯಸ್ಕ ರೋಗಿಗಳಲ್ಲಿ 2000 ಮಿಲಿಸೆಕೆಂಡ್ ಕಾಯಬೇಕು. ಆದರೆ ಅಡಚಣೆಯನ್ನು ಬಳಸಿಕೊಂಡು ಸುತ್ತುದಾರಿಯಲ್ಲಿ ಬರುವ ರಕ್ತಕ್ಕೆ ಈ ಎರಡು ಸೆಕೆಂಡ್ ಸಾಲದೇ ಹೋಗಬಹುದು. ಹಾಗೆಂದು ಬೇಕಾದಷ್ಟು ಕಾಯುವಂತೆಯೂ ಇಲ್ಲ: 3 ಟೆಸ್ಲಾ ಕಾಂತಶಕ್ತಿಯ ಯಂತ್ರದಲ್ಲಿ ರಕ್ತದ ಟಿ1, ಅಂದರೆ ಗುರುತು ಎಷ್ಟು ಬೇಗ ಮಾಸುತ್ತದೆ ಎಂಬುದನ್ನು ಹೇಳುವ ಅವಧಿ, ಸುಮಾರು 1650 ಮಿಲಿಸೆಕೆಂಡ್ ಇರುವುದರಿಂದ, ಎರಡು ಸೆಕೆಂಡಿಗೆ ಗುರುತಿನ ಶೇ. 30ರಷ್ಟು, ಮೂರು ಸೆಕೆಂಡಿಗೆ ಶೇ. 16ರಷ್ಟು ಮಾತ್ರ ಉಳಿದಿರುತ್ತದೆ. ಒಂದೇ ಅವಧಿಯನ್ನು ನೆಚ್ಚಿಕೊಳ್ಳದೆ, ಸುಮಾರು ಒಂದರಿಂದ ಮೂರೂವರೆ ಸೆಕೆಂಡಿನವರೆಗೆ ಹಲವು ಅವಧಿಗಳಲ್ಲಿ ಅಳೆದು, ಹರಿವಿನ ಜೊತೆಗೆ ರಕ್ತ ತಲುಪುವ ಸಮಯದ ನಕ್ಷೆಯನ್ನೂ ಪಡೆಯುವುದೇ ಇಂಥವರಲ್ಲಿ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಆ ಸೌಲಭ್ಯ ಯಂತ್ರದಲ್ಲಿ ಇಲ್ಲವಾದರೆ ಎರಡು ಅವಧಿಗಳಲ್ಲಾದರೂ ತೆಗೆದು ಹೋಲಿಸಿ. ಸಂಕೇತವನ್ನು ಅಂಕಿಯಾಗಿ ಬದಲಿಸಲು ಎಂ-ಝೀರೋ ಚಿತ್ರವೂ (ಹೋಲಿಕೆಗಾಗಿ ತೆಗೆಯುವ, ಗುರುತಿಲ್ಲದ ಪೂರ್ಣ ಸಂಕೇತದ ಚಿತ್ರ) ಬೇಕೆಂಬುದನ್ನು ಮರೆಯಬಾರದು.

ನಕ್ಷೆ ಓದುವಾಗ, ಕಪ್ಪಾಗಿ ಕಂಡದ್ದನ್ನೆಲ್ಲ ರಕ್ತವಿಲ್ಲದ ಜಾಗವೆಂದು ತೀರ್ಮಾನಿಸಬೇಡಿ. ಮೆದುಳಿನ ಹೊರಪದರದ ಮೇಲೆ ಹಾವಿನಂತೆ ಡೊಂಕಾದ ಬೆಳ್ಳನೆಯ ಗೆರೆಗಳು, ಅವುಗಳ ಪಕ್ಕದಲ್ಲೇ ಕಪ್ಪು ಪ್ರದೇಶ ಕಂಡರೆ, ಗುರುತಿನ ರಕ್ತ ಇನ್ನೂ ನಾಳಗಳಲ್ಲೇ ಇದೆ, ಅಂಗಾಂಶವನ್ನು ತಲುಪಿಲ್ಲ ಎಂದರ್ಥ. ಅಪಧಮನಿಗಳ ಕ್ಷೇತ್ರಗಳು ಸಂಧಿಸುವ ಗಡಿಭಾಗಗಳಲ್ಲಿ ಇದು ಹೆಚ್ಚು. ಹೆಚ್ಚು ಹೊತ್ತು ಕಾದು ತೆಗೆದ ಚಿತ್ರದಲ್ಲಿ ಆ ಕಪ್ಪು ತುಂಬಿಕೊಂಡರೆ ಅದು ವಿಳಂಬ, ಕೊರತೆಯಲ್ಲ. ಬೂದು ದ್ರವ್ಯದಲ್ಲಿ ಪ್ರತಿ 100 ಗ್ರಾಂಗೆ ನಿಮಿಷಕ್ಕೆ 40ರಿಂದ 100 ಮಿಲಿಲೀಟರ್‌ವರೆಗಿನ ಅಂಕಿಗಳು ಸಹಜವೇ ಆಗಿರಬಹುದಾದ್ದರಿಂದ, ಒಂದೇ ಅಂಕಿಗಿಂತ ಎಡಬಲಗಳ ಹೋಲಿಕೆ ಹೆಚ್ಚು ಉಪಯುಕ್ತ. ಬಿಳಿ ದ್ರವ್ಯದ ಅಂಕಿಗಳನ್ನು ನೆಚ್ಚದಿರುವುದೇ ಲೇಸು.

ವಿಶ್ರಾಂತಿಯಲ್ಲಿ ಹರಿವು ಸಹಜವಿದ್ದರೂ ನಾಳಗಳು ಆಗಲೇ ಪೂರ್ತಿ ಹಿಗ್ಗಿರಬಹುದು. ಈ ಅನುಮಾನವಿದ್ದಾಗ ವೈದ್ಯರು ಸಾಮಾನ್ಯವಾಗಿ ನಾಳಗಳನ್ನು ಹಿಗ್ಗಿಸುವ ಅಸೆಟಜೋಲಮೈಡ್ ಔಷಧವನ್ನು 1 ಗ್ರಾಂನಷ್ಟು ರಕ್ತನಾಳಕ್ಕೆ ಕೊಟ್ಟು, 10–15 ನಿಮಿಷಗಳ ನಂತರ ಮತ್ತೆ ಅಳೆಯಿಸುತ್ತಾರೆ. ಸಲ್ಫಾ ಅಲರ್ಜಿ, ತೀವ್ರ ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರಿಗೆ ಇದು ಸಲ್ಲದು. ಆರೋಗ್ಯವಂತ ಭಾಗದಲ್ಲಿ ಹರಿವು ಏರುತ್ತದೆ, ಹಿಗ್ಗುವ ಸಾಮರ್ಥ್ಯ ಮುಗಿದ ಭಾಗದಲ್ಲಿ ಏರದೆ ಇರಬಹುದು, ಕೆಲವೊಮ್ಮೆ ಇಳಿಯಲೂಬಹುದು. ಔಷಧದಿಂದ ರಕ್ತ ಬೇಗ ತಲುಪುವ ಕಾರಣ, ಒಂದೇ ಅವಧಿಯ ಅಳತೆಯಲ್ಲಿ ಈ ಏರಿಕೆ ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. ಇಲ್ಲಿಯೂ ಹಲವು ಅವಧಿಗಳ ಅಳತೆಯೇ ಬೇಕು.

ವರದಿಯಲ್ಲಿ ಗುರುತಿನ ಅವಧಿ, ಕಾದ ಅವಧಿ, ಸಮತಲದ ಜಾಗ ಮತ್ತು ಯಂತ್ರದ ಕಾಂತಶಕ್ತಿಯನ್ನು ತಪ್ಪದೆ ನಮೂದಿಸಿ. ಶಸ್ತ್ರಚಿಕಿತ್ಸೆ ಅಥವಾ ಸ್ಟೆಂಟ್ ಆದ ನಂತರದ ಸ್ಕ್ಯಾನನ್ನು ಸಾಧ್ಯವಾದರೆ ಅದೇ ಯಂತ್ರದಲ್ಲಿ, ಅದೇ ಅವಧಿಗಳಲ್ಲಿ ತೆಗೆಯಿರಿ. ಸ್ಟೆಂಟ್ ಹಾಕಿದ್ದರೆ ಮಾತ್ರ ಸಮತಲವನ್ನು ಅದರಿಂದ ದೂರಕ್ಕೆ ಸರಿಸಿ, ಹಾಗೆ ಸರಿಸಿದ್ದನ್ನೂ ಬರೆಯಿರಿ.