ಡೊಳ್ಳಿನ ಪದ, ಹಳೇ ಡೆಸ್ಕ್‌ಟಾಪ್, ಲಿನಕ್ಸ್: ಸ್ಕ್ರಬ್ಬಿಂಗ್ ಮತ್ತು ಪ್ಲೇಬ್ಯಾಕ್ ಎರಡೂ ಹೊಂದಿಸಿದ ನನ್ನ ಅನುಭವ

ಡೊಳ್ಳಿನ ಪದದ ವಿಡಿಯೋ ಎಡಿಟ್ ಮಾಡುವವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ನಮ್ಮ ಇಂಡಿ, ಸಿಂದಗಿ ಕಡೆ ಜಾತ್ರೆಯಲ್ಲಿ ರಾತ್ರಿ ಶುರುವಾದ ಹಾಡಿಕೆ ಬೆಳಗಾಗೋ ತನಕ ನಡೀತದೆ. ಕೈಗೆ ಬರೋದು ಐದಾರು ಗಂಟೆಯ ಫೂಟೇಜ್: ಎರಡು ಕ್ಯಾಮೆರಾ, ಒಂದು ಮೊಬೈಲ್, ಮಿಕ್ಸರ್‌ನಿಂದ ತೆಗೆದ ವೇವ್ ಫೈಲ್. ಯಾವ ಪದ (ಹಾಡು) ಎಲ್ಲಿ ಎತ್ತಿಕೊಂಡರು, ಹಿಮ್ಮೇಳದವರು ಸೊಲ್ಲು ಎಲ್ಲಿ ಹಿಡಿದರು ಅಂತ ವೇವ್‌ಫಾರ್ಮ್ (ದನಿಯ ಏರಿಳಿತದ ಗೆರೆಚಿತ್ರ) ನೋಡಿ ಹೇಳಲಿಕ್ಕೆ ಬರೋದಿಲ್ಲ. ಡೊಳ್ಳು ಬಿದ್ದಲ್ಲೆಲ್ಲ ಅದು ಮೇಲಿಂದ ಕೆಳತನಕ ತುಂಬಿಕೊಂಡೇ ಇರ್ತದೆ. ಟೈಮ್‌ಲೈನ್ ಮೇಲಿನ ಪ್ಲೇಹೆಡ್ ಗೆರೆಯನ್ನು ಎಳೆದು ಎಳೆದು ಕೇಳಿಯೇ ಹಿಡಿಯಬೇಕು; ಇದಕ್ಕೇ ಸ್ಕ್ರಬ್ಬಿಂಗ್ ಅನ್ನೋದು.

ತೊಂದರೆ ಇದ್ದದ್ದೇ ಅಲ್ಲಿ. ಕೆಡೆನ್‌ಲೈವ್ ಅನ್ನೋ ಎಡಿಟಿಂಗ್ ತಂತ್ರಾಂಶದಲ್ಲಿ ಆಡಿಯೋ ಸ್ಕ್ರಬ್ಬಿಂಗ್ ಆನ್ ಮಾಡಿದರೆ ಟೈಮ್‌ಲೈನ್ ಎಳೆಯುವಾಗ ಚಿತ್ರ ನಿಂತುಬಿಡ್ತಿತ್ತು, ದನಿ ಚೂರುಚೂರಾಗಿ ಎರಡು ಸೆಕೆಂಡ್ ತಡವಾಗಿ ಬರ್ತಿತ್ತು. ಆಫ್ ಮಾಡಿದರೆ ಓಟ ಚೆಂದ, ಆದರೆ ಕಿವಿ ಕಟ್ಟಿಕೊಂಡು ಕೆಲಸ. ಶಾಟ್‌ಕಟ್ ಅನ್ನೋ ಇನ್ನೊಂದರಲ್ಲೂ ಇದೇ ಪಾಡು. ಎರಡರ ಹೊಟ್ಟೆಯಲ್ಲೂ ಇರೋದು ಎಂಎಲ್‌ಟಿ ಅನ್ನೋ ಒಂದೇ ಎಂಜಿನ್ ತಾನೆ. ವಿಜಯಪುರದ ನಮ್ಮ ಕಸುಬಿನ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು: "ಅಣ್ಣಾರ, ಲಿನಕ್ಸ್‌ದಾಗ ಇದು ಆಗೂ ಮಾತಲ್ರೀ. ವಿಂಡೋಸ್ ಹಾಕ್ರಿ, ಹೊಸಾ ಮಷಿನ್ ತಗೋರ್ರಿ." ಈಗ ಅದೇ ಹಳೇ ಮಷಿನ್‌ನಲ್ಲಿ, ನಾಲ್ಕನೇ ಪೀಳಿಗೆಯ ಐ5, 16 ಜಿಬಿ ರ್‍ಯಾಮ್, ಇಡೀ ರಾತ್ರಿಯ ಹಾಡಿಕೆಯನ್ನು ಕಿವಿಯಿಂದಲೇ ಕತ್ತರಿಸ್ತೀನಿ. ಅನುಮಾನ ಪಟ್ಟವರಲ್ಲಿ ಇಬ್ಬರು ನನ್ನ ಸೆಟ್ಟಿಂಗ್ಸ್ ಒಯ್ದಿದ್ದಾರೆ.

ಮೊದಲು ದುಡ್ಡು ಹೋದ ಲೆಕ್ಕ. ಸುಮಾರು ಒಂಬತ್ತು ಸಾವಿರಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ನೇರ ಪ್ಲೇ ಆಗುವಾಗ ಹಾರ್ಡ್‌ವೇರ್ ಡಿಕೋಡಿಂಗ್‌ನಿಂದ (ಒತ್ತಿಟ್ಟ ವಿಡಿಯೋವನ್ನು ಕಾರ್ಡೇ ಬಿಚ್ಚೋದು) ಸಿಪಿಯು ತುಸು ಹಗುರಾಯಿತು, ಸ್ಕ್ರಬ್ಬಿಂಗ್‌ಗೆ ನಯಾಪೈಸೆ ಉಪಯೋಗ ಆಗಲಿಲ್ಲ. ಎಳೆದಾಗಲೆಲ್ಲ ಹೊಸ ಜಾಗಕ್ಕೆ ಜಿಗಿಯಬೇಕು, ಹಿಂದಿನ ಕೀಫ್ರೇಮ್‌ನಿಂದ (ಇಡೀ ಚಿತ್ರ ಪೂರ್ತಿ ಇರೋ ಫ್ರೇಮ್; ನಡುವಿನವುಗಳಲ್ಲಿ ಬದಲಾದದ್ದಷ್ಟೇ ಇರ್ತದೆ) ಬಿಚ್ಚಿಕೊಂಡು ಬರಬೇಕು, ಆ ಫ್ರೇಮ್ ಮತ್ತೆ ಮೆಮೊರಿಗೆ ವಾಪಸ್ ಬರಬೇಕು. ಕಾರ್ಡ್ ಮಾರಿದಾಗ ಸಿಕ್ಕಿದ್ದು ಆರು ಸಾವಿರ. ಡಾವಿಂಚಿ ರಿಸಾಲ್ವ್ ಅನ್ನೋ ಇನ್ನೊಂದು ಎಡಿಟರ್ ಕೂಡ ಹಾಕಿ ನೋಡಿದೆ. ಆಗ ಲಿನಕ್ಸ್‌ನ ಉಚಿತ ಆವೃತ್ತಿ ಎಚ್.264 (ಕ್ಯಾಮೆರಾ, ಮೊಬೈಲ್‌ಗಳು ಸಾಮಾನ್ಯವಾಗಿ ಕೊಡೋ ವಿಡಿಯೋ ರೂಪ) ತೆಗೆದುಕೊಳ್ತಿರಲಿಲ್ಲ, ಅದರ ಜೊತೆ ಬರೋ ಎಎಸಿ ಅನ್ನೋ ಒತ್ತಿದ ದನಿಯೂ ಬರ್ತಿರಲಿಲ್ಲ. ಎಲ್ಲವನ್ನೂ ಅದು ಒಪ್ಪೋ ಡಿಎನ್‌ಎಕ್ಸ್‌ಎಚ್‌ಆರ್ ಅನ್ನೋ ದೊಡ್ಡ ಫೈಲ್ ರೂಪಕ್ಕೆ ತಿರುಗಿಸಿದರೆ ಗಂಟೆಗೆ ಐವತ್ತು ಜಿಬಿ ಮೇಲೆ. ಮೂರು ಆ್ಯಂಗಲ್, ಐದಾರು ಗಂಟೆ. ಡಿಸ್ಕ್ ಎಲ್ಲಿಂದ ತರೋದು?

ಪ್ರಾಕ್ಸಿ (ಎಡಿಟಿಂಗ್‌ಗೆ ಮಾತ್ರ ಬಳಸೋ ಹಗುರ ನಕಲು) ಮಾಡಿದರೂ ಪ್ರಯೋಜನ ಇಲ್ಲ ಅಂತ ಬಹಳ ಜನ ಹೇಳ್ತಾರಲ್ಲ, ಅದರ ಗುಟ್ಟು ಕೀಫ್ರೇಮ್‌ನಲ್ಲಿದೆ. ಎಚ್.264 ಫೈಲ್ ಮಾಡೋ ಎಕ್ಸ್264 ಎನ್‌ಕೋಡರ್‌ಗೆ ಏನೂ ಹೇಳದೆ ಬಿಟ್ಟರೆ 250 ಫ್ರೇಮ್ ತನಕ ಒಂದೇ ಕೀಫ್ರೇಮ್‌ನಲ್ಲಿ ಎಳೀತದೆ. 25 ಫ್ರೇಮ್ ಲೆಕ್ಕದಲ್ಲಿ ಹತ್ತು ಸೆಕೆಂಡ್. ವೇದಿಕೆ ಮೇಲೆ ದೃಶ್ಯ ಬದಲಾಗೋದೇ ಇಲ್ಲವಾದ್ದರಿಂದ ನಡುವೆ ಹೊಸ ಕೀಫ್ರೇಮ್ ಬೀಳೋದೂ ಅಪರೂಪ. ಫೈಲ್ ಚಿಕ್ಕದು, ಆದರೆ ನೀವು ಒಂದು ಚೂರು ಎಳೆದರೆ ಅದು ಇನ್ನೂರು ಫ್ರೇಮ್ ಬಿಚ್ಚಬೇಕು. ಕ್ಯಾಮೆರಾದ ಮೂಲ ಫೈಲೇ ಇದಕ್ಕಿಂತ ಎಷ್ಟೋ ವಾಸಿ.

ಹಾಗಾಗಿ ನಾನು ಪ್ರಾಕ್ಸಿ ಪ್ರೊಫೈಲ್ ನಾನೇ ಬರೆದೆ: 360ಪಿ ಎಂಜೆಪೆಗ್, ಪ್ರತಿ ಫ್ರೇಮೂ ಸ್ವತಂತ್ರ, ದನಿ 48 ಕಿಲೋಹರ್ಟ್ಸ್ 16 ಬಿಟ್ ಪಿಸಿಎಂ, ಅಂದರೆ ಒತ್ತದೆ ಇಟ್ಟ ದನಿ. ದನಿಯನ್ನು ಎಎಸಿಯಲ್ಲೇ ಬಿಡಬೇಡಿ. ಎಎಸಿ 1024 ಸ್ಯಾಂಪಲ್‌ಗಳ ಕಟ್ಟಿನಲ್ಲಿ ಬಿಚ್ಚಿಕೊಳ್ತದೆ; ನಮಗೆ ಒಂದು ಫ್ರೇಮ್‌ಗೆ ಬೇಕಾದ್ದು 1920 ಸ್ಯಾಂಪಲ್, ಅದೂ ಜಿಗಿದ ಜಾಗದಿಂದಲೇ. ಪಿಸಿಎಂಗೆ ಈ ರಗಳೆ ಇಲ್ಲ, ಗಂಟೆಗೆ ಏಳುನೂರು ಎಂಬಿ ಹತ್ತಿರ ಹೋಗ್ತದೆ ಅಷ್ಟೇ. ಒಟ್ಟು ಪ್ರಾಕ್ಸಿ ನನಗೆ ಗಂಟೆಗೆ ನಾಲ್ಕೈದು ಜಿಬಿ ಬೀಳ್ತದೆ. ಇದನ್ನು ಹಾರ್ಡ್‌ಡಿಸ್ಕ್ ಮೇಲೆ ಇಟ್ಟು ಮೂರು ಟ್ರ್ಯಾಕ್ ಎಳೆದರೆ ಮತ್ತೆ ತಡವರಿಸ್ತದೆ. ಸುಮಾರು ಮೂರು ಸಾವಿರದ ಎಸ್‌ಎಸ್‌ಡಿ ತಂದೆ. ಖರ್ಚು ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ, ಎರಡನೇ ಕೆಲಸಕ್ಕೇ ಅದರ ದುಡ್ಡು ವಾಪಸ್. ಮೊಬೈಲ್ ಫೈಲ್ ಇದ್ದರೆ ಮೊದಲು ಸ್ಥಿರ ಫ್ರೇಮ್‌ರೇಟ್‌ಗೆ ತಿರುಗಿಸಿಕೊಳ್ಳಿ, ಆಮೇಲೆ ಪ್ರಾಕ್ಸಿ. ಇಲ್ಲದಿದ್ದರೆ ಮೂರನೇ ಗಂಟೆಗೆ ಬರೋ ಹೊತ್ತಿಗೆ ಬಾಯಿ ಒಂದು ಕಡೆ, ದನಿ ಒಂದು ಕಡೆ.

ಇಷ್ಟಾದ ಮೇಲೂ ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಗೆಲ್ಲಲಿಕ್ಕೆ ಆಗೋದಿಲ್ಲ. ಸ್ಕ್ರಬ್ಬಿಂಗ್‌ಗೆ ಸಣ್ಣ ಬಫರ್ (ದನಿ ಹೊರಡೋ ಮುಂಚೆ ತುಂಬಿಟ್ಟುಕೊಳ್ಳೋ ಜಾಗ) ಬೇಕು, ಪ್ಲೇಬ್ಯಾಕ್‌ಗೆ ದೊಡ್ಡದು. ಲಿನಕ್ಸ್‌ನಲ್ಲಿ ದನಿ ನಡೆಸೋ ಪೈಪ್‌ವೈರ್‌ನ ಕ್ವಾಂಟಮ್ (ಒಂದು ಸಲಕ್ಕೆ ಕಳಿಸೋ ಸ್ಯಾಂಪಲ್‌ಗಳ ಕಟ್ಟು) ಸಾಮಾನ್ಯವಾಗಿ 1024, ಅಂದರೆ 21 ಮಿಲಿಸೆಕೆಂಡ್. 256ಕ್ಕೆ ಇಳಿಸಿದರೆ ಡೊಳ್ಳಿನ ಪೆಟ್ಟು ಬೆರಳಿಗೇ ತಾಗಿದಂತೆ ಕೇಳ್ತದೆ. ಆದರೆ ಅದರಲ್ಲೇ ಪೂರ್ತಿ ಪ್ಲೇ ಮಾಡಿದರೆ ಪೈಪ್‌ವೈರ್‌ನ ಸ್ಥಿತಿ ತೋರಿಸೋ ಪಿಡಬ್ಲ್ಯೂ-ಟಾಪ್‌ನಲ್ಲಿ ದೋಷದ ಕಾಲಂ ಏರುತ್ತಲೇ ಹೋಗ್ತದೆ, ದನಿ ಚಟಪಟ ಅನ್ನುತ್ತದೆ. ಆದ್ದರಿಂದ ಕ್ವಾಂಟಮ್ ಬದಲಿಸೋ ಎರಡು ಸಾಲಿನ ಸ್ಕ್ರಿಪ್ಟ್ ಬರೆದು ಎರಡು ಕೀಗಳಿಗೆ ಕಟ್ಟಿದ್ದೀನಿ. ಕತ್ತರಿಸುವಾಗ 256, ಪ್ರಿವ್ಯೂ 360ಪಿ, ಸ್ಕ್ರಬ್ಬಿಂಗ್ ಆನ್, ವಿಡಿಯೋ ಥಂಬ್‌ನೇಲ್ ಆಫ್, ಬೇಡದ ಎರಡು ಕ್ಯಾಮೆರಾ ಟ್ರ್ಯಾಕ್ ಮುಚ್ಚಿದ್ದು. ಗಿರಾಕಿಗೆ ತೋರಿಸುವಾಗ 2048, ಪ್ರಾಕ್ಸಿ ಆಫ್, ಪ್ರಿವ್ಯೂ 720ಪಿ, ಸ್ಕ್ರಬ್ಬಿಂಗ್ ಆಫ್. ಎಫೆಕ್ಟ್ ಇದ್ದ ಜಾಗ ಮಾತ್ರ ಟೈಮ್‌ಲೈನ್ ಪ್ರಿವ್ಯೂ ರೆಂಡರ್ ಮಾಡಿ ಕೆಂಪು ಗೆರೆ ಹಸಿರಾಗಿಸಿಕೊಂಡದ್ದು.

ನಡುವೆ ಕೆಲವು ಬೇರೆ ಪ್ರಯೋಗಗಳೂ ನಡೆದವು. ಪ್ರಾಕ್ಸಿಯನ್ನು ರ್‍ಯಾಮ್‌ನಲ್ಲೇ ಇಟ್ಟು ನೋಡಿದೆ: ಒಂದು ಗಂಟೆಯ ಒಂದು ಕ್ಯಾಮೆರಾಕ್ಕೆ ಅದ್ಭುತ, ಎರಡನೆಯದು ಹಾಕಿದಾಗ ಮೆಮೊರಿ ಸಾಲದೆ ಮಷಿನ್ ಡಿಸ್ಕಿನ ಸ್ವಾಪ್‌ಗೆ ಬಿತ್ತು. ಎಫ್‌ಎಫ್‌ಎಂಪೆಗ್ ತಂತ್ರಾಂಶದ, ಮೌನ ಹುಡುಕೋ ಸೈಲೆನ್ಸ್ ಡಿಟೆಕ್ಟ್‌ನಿಂದ ಪದಗಳನ್ನು ತಾನೇ ಬೇರ್ಪಡಿಸ್ತದೋ ಅಂತ ಬಿಟ್ಟೆ. ಜಾತ್ರೆಯಲ್ಲಿ ಮೌನ ಎಲ್ಲಿಂದ ಬರಬೇಕು, ತೊಟ್ಟಿಲ ಸದ್ದು, ಪೀಪಿ, ಮೈಕಿನಲ್ಲಿ ದೇಣಿಗೆ ಕೊಟ್ಟವರ ಹೆಸರು. ಆದರೆ ಆ ಗುದ್ದಾಟದಲ್ಲೇ ಒಂದು ಒಳ್ಳೇದು ಸಿಕ್ಕಿತು. ಮಿಕ್ಸರ್ ಫೈಲ್‌ನ ಮೊನೊ ಪ್ರತಿ ತೆಗೆದು, ಡೊಳ್ಳಿನ ತಳದ ದನಿ ಕತ್ತರಿಸಿ, ಹಾಡುಗಾರನ ಗಂಟಲು ಎದ್ದು ಕೇಳುವಂತೆ ಮಾಡಿದ ಒಂದು ಬೇರೆ ಟ್ರ್ಯಾಕ್ ಇಟ್ಟುಕೊಂಡೆ. ಸ್ಕ್ರಬ್ ಮಾಡುವಾಗ ಅದೊಂದೇ ಕೇಳೋದು, ಉಳಿದವೆಲ್ಲ ಮ್ಯೂಟ್. ಸೊಲ್ಲು ಹಿಡಿದ ಜಾಗ ಒಂದು ಫ್ರೇಮ್ ಹೆಚ್ಚುಕಡಿಮೆ ಇಲ್ಲದೆ ಸಿಗ್ತದೆ. ಎಷ್ಟು ಹರ್ಟ್ಸ್‌ಗೆ ಕತ್ತರಿಸ್ತೀನಿ, ಅದರ ಮೇಲೆ ಯಾವ ಫಿಲ್ಟರ್ ಹಾಕ್ತೀನಿ ಅನ್ನೋದು ಇಲ್ಲಿ ಬರೆಯೋದಿಲ್ಲ; ಅದು ನನ್ನ ಹೊಟ್ಟೆಪಾಡು. ನಿಮ್ಮ ಮೈಕಿಗೆ, ನಿಮ್ಮ ಮೇಳಕ್ಕೆ ನೀವೇ ಹಚ್ಚಿ ನೋಡಿ, ಸಿಗ್ತದೆ.

ಈಗ ಒಂದು ರಾತ್ರಿಯ ಹಾಡಿಕೆಗೆ ನಾಲ್ಕು ಸಾವಿರದ ಮೇಲೆ ತಗೋತೀನಿ, ಮೊದಲು ಎರಡೂವರೆ ಸಾವಿರಕ್ಕೆ ಎರಡು ಹಗಲು ಹೋಗ್ತಿತ್ತು. ಈಗ ಬೆಳಿಗ್ಗೆ ಕೂತರೆ ಸಂಜೆಗೆ ಪದಗಳೆಲ್ಲ ಬೇರೆಬೇರೆಯಾಗಿ ಯೂಟ್ಯೂಬ್‌ಗೆ ಹೋಗಲಿಕ್ಕೆ ತಯಾರು.

ಕೊನೆಯ ರೆಂಡರ್‌ಗೆ ಮುಂಚೆ ಎರಡು ನೋಡಿಕೊಳ್ಳಿ. ಪ್ರಾಕ್ಸಿಯಿಂದಲೇ ರೆಂಡರ್ ಮಾಡೋ ಟಿಕ್ ತೆಗೆದಿರಬೇಕು. ಮತ್ತೆ ಆ ಸ್ಕ್ರಬ್ ಟ್ರ್ಯಾಕ್ ಮ್ಯೂಟ್ ಆಗಿ, ಮಿಕ್ಸರ್‌ನ ಪೂರ್ತಿ ದನಿ ತೆರೆದಿರಬೇಕು.